ಕಡಲ ತಳದಿಂದ ಎದ್ದ ಮನೆಗಳು

ಹಳೆಯ ಮನೆಯೊಂದನ್ನು ಕಂಡಾಗ ಅದನ್ನು ಕಟ್ಟಿಸಿದವರು ಯಾರು, ಅದಕ್ಕೆ ಎಷ್ಟು ವರ್ಷವಾಯಿತು ಎಂದು ಕೇಳುವುದು ನಮ್ಮೆಲ್ಲರ ವಾಡಿಕೆ. ಆದರೆ ಅದರ ಛಾವಣಿ ಅಷ್ಟು ಕಡಿದಾಗಿ ಏಕಿದೆ, ಗೋಡೆ ಅಷ್ಟು ದಪ್ಪವೇಕೆ, ಕಿಟಕಿ ಅಷ್ಟು ಕಿರಿದೇಕೆ ಎಂದು ಕೇಳುವವರು ವಿರಳ. ಕೇಳಿದರೂ ‘ಹಿಂದಿನವರ ಅಭಿರುಚಿಯೇ ಹಾಗಿತ್ತು’ ಎಂಬ ಉತ್ತರ ದೊರೆತರೆ ನಮಗೆ ತೃಪ್ತಿಯಾಗಿಬಿಡುತ್ತದೆ. ಈ ಉತ್ತರ ಎಷ್ಟು ಸಾಲದೆಂಬುದನ್ನು ತೋರಿಸಬಲ್ಲ ಮನೆಗಳ ಸಾಲೊಂದು ಇಂಗ್ಲೆಂಡಿನಲ್ಲಿದೆ. ಅದರ ಒಂದೊಂದು ಅಂಗಕ್ಕೂ ಒಂದೊಂದು ಕಾರಣವುಂಟು. ಆ ಕಾರಣಗಳನ್ನು ಬೆನ್ನಟ್ಟಿ ಹೋದರೆ ನಾವು ಬಹುಮಟ್ಟಿಗೆ ಒಂದೇ ಕಡೆಗೆ, ಎಂದರೆ ಆ ಮನೆಗಳ ಅಡಿಯಲ್ಲಿರುವ ಬಂಡೆಗೆ, ಬಂದು ಸೇರುತ್ತೇವೆ.

ಲಂಡನ್ ನಗರಕ್ಕೆ ಪಶ್ಚಿಮದಲ್ಲಿ, ಸುಮಾರು ೭೫ ಮೈಲಿ ದೂರದಲ್ಲಿ, ಗ್ಲಾಸ್ಟರ್‌ಷೈರ್ ಪ್ರಾಂತದ ಬೈಬರಿ ಎಂಬ ಸಣ್ಣ ಹಳ್ಳಿಯಿದೆ. ಕಾಟ್ಸ್‌ವೋಲ್ಡ್ ಎಂಬ ಗುಡ್ಡನಾಡಿನ ತೊರೆಗಳಲ್ಲೊಂದಾದ ಕೋಲ್ನ್ ಈ ಹಳ್ಳಿಯ ನಡುವೆ ಹರಿಯುತ್ತದೆ. ತೊರೆಯ ಆಚೆಗೆ, ಇಳಿಜಾರಿನ ದಾರಿಯೊಂದರ ಅಂಚಿಗೆ, ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಕಲ್ಲಿನ ಮನೆಗಳ ಸಾಲೇ ಆರ್ಲಿಂಗ್‌ಟನ್ ಸಾಲು. ಜೇನಿನ ಬಣ್ಣದ ಗೋಡೆಗಳು. ಮಳೆಗೆ ಮಾಸಿ ಪಾಚಿ ಹಿಡಿದ ಛಾವಣಿಗಳು. ಅಲೆಯಂತೆ ಏರಿಳಿಯುವ ಛಾವಣಿಯ ನೆತ್ತಿ. ೧೮೭೧ರಿಂದ ಇಲ್ಲಿಗೆ ಹತ್ತು ಮೈಲಿಯ ಆಸುಪಾಸಿನಲ್ಲಿದ್ದ ಕೆಲ್ಮ್‌ಸ್ಕಾಟ್ ಎಂಬಲ್ಲಿ ಮನೆ ಹಿಡಿದಿದ್ದ ಕವಿ ಹಾಗೂ ಕಲೆಗಾರ ವಿಲಿಯಂ ಮಾರಿಸ್, ಬೈಬರಿಯನ್ನು ಇಂಗ್ಲೆಂಡಿನ ಅತ್ಯಂತ ಸುಂದರ ಗ್ರಾಮವೆಂದು ಹೊಗಳಿದನೆಂದು ಪ್ರತೀತಿ. ೨೦೧೦ರಲ್ಲಿ ಬಳಕೆಗೆ ಬಂದ ಬ್ರಿಟಿಷ್ ಪಾಸ್‌ಪೋರ್ಟಿನ ಒಳಭಾಗದಲ್ಲಿ ಕೆಲವು ವರ್ಷ ಈ ಸಾಲಿನ ಚಿತ್ರವೇ ಅಚ್ಚಾಗುತ್ತಿತ್ತು.

ನಾವು ತೊರೆಯ ಈಚೆ ದಡದಲ್ಲಿ ನಿಂತು ಈ ಸಾಲನ್ನು ನೋಡುತ್ತಿದ್ದೇವೆಂದು ಭಾವಿಸೋಣ. ಸೊಬಗನ್ನು ಮೆಚ್ಚಿದ ಮೇಲೆ ಸ್ವಲ್ಪ ಸೂಕ್ಷ್ಮವಾಗಿ ಗಮನಿಸಿದರೆ ಮೂರು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ಛಾವಣಿಯ ಕಡಿದಾದ ಇಳಿಜಾರು; ಗೋಡೆಗಿಂತ ಛಾವಣಿಯೇ ಹೆಚ್ಚಾಗಿ ಎದ್ದು ಕಾಣುತ್ತದೆ. ಎರಡನೆಯದು, ಆ ಛಾವಣಿಗೆ ಹೊದಿಸಿರುವುದು ಮಣ್ಣಿನ ಹಂಚಲ್ಲ, ಕಲ್ಲಿನ ಬಿಲ್ಲೆಗಳು. ಅವು ಸೂರಿನಲ್ಲಿ ದೊಡ್ಡವಾಗಿದ್ದು, ಮೇಲೆ ಮೇಲೆ ಹೋದಂತೆ ಚಿಕ್ಕವಾಗುತ್ತ, ನೆತ್ತಿಯ ಬಳಿ ಅಂಗೈಗಿಂತ ಸ್ವಲ್ಪವೇ ದೊಡ್ಡವಾಗಿ ಉಳಿಯುತ್ತವೆ. ಮೂರನೆಯದು, ಅಷ್ಟು ದಪ್ಪ ಗೋಡೆಗಳಲ್ಲಿ ಅಷ್ಟು ಕಿರಿದಾದ ಕಿಟಕಿಗಳು. ಈ ಮೂರಕ್ಕೂ ಉತ್ತರ ಬೇಕಾದರೆ ಮನೆಯ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ನೆಲದಡಿಯ ಬಂಡೆಯನ್ನೇ ಕೇಳಬೇಕು.

ಕಡಲಿನ ಮೊಟ್ಟೆಗಳು

ಸುಮಾರು ೧೬-೧೭ ಕೋಟಿ ವರ್ಷಗಳ ಹಿಂದೆ, ಭೂವಿಜ್ಞಾನಿಗಳು ಮಧ್ಯ ಜುರಾಸಿಕ್ ಎಂದು ಕರೆಯುವ ಯುಗದಲ್ಲಿ, ಈ ಗುಡ್ಡನಾಡು ಗುಡ್ಡನಾಡಾಗಿರಲಿಲ್ಲ. ಅದೊಂದು ಆಳವಿಲ್ಲದ, ಬೆಚ್ಚಗಿನ ಕಡಲಾಗಿತ್ತು. ಇಂದಿನ ಬ್ರಿಟನ್ನಿನ ಭೂಭಾಗವು ಆಗ ಈಗಿಗಿಂತ ಬಹಳ ದಕ್ಷಿಣದಲ್ಲಿತ್ತು. ಆ ಕಡಲ ನೀರಿನಲ್ಲಿ ಸುಣ್ಣದ ಅಂಶ ಯಥೇಚ್ಛವಾಗಿ ಕರಗಿತ್ತು. ಬಿಸಿಲಿಗೆ ಕಾದ ನೀರಿನಿಂದ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬಿದ್ದಂತೆ, ಕರಗಿದ್ದ ಸುಣ್ಣವು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಒಡಮೂಡತೊಡಗಿತು. ಅಲೆಗಳ ಹೊಡೆತಕ್ಕೆ ತಳದಲ್ಲಿ ಉರುಳಾಡುತ್ತಿದ್ದ ಮರಳಿನ ಕಣಕ್ಕೋ ಚಿಪ್ಪಿನ ಚೂರಿಗೋ ಅದು ಸುತ್ತಲೂ ತೆಳುವಾಗಿ ಅಂಟಿಕೊಂಡಿತು. ಕಣ ಉರುಳಿತು, ಮತ್ತೊಂದು ಪೊರೆ ಅಂಟಿತು. ಮತ್ತೆ ಉರುಳಿತು, ಇನ್ನೊಂದು ಪೊರೆ. ಹೀಗೆ ಈರುಳ್ಳಿಯಂತೆ ಪೊರೆಯ ಮೇಲೆ ಪೊರೆ ಬೆಳೆದು, ಎರಡು ಮಿಲಿಮೀಟರಿಗೂ ಕಿರಿದಾದ ದುಂಡು ಕಾಳುಗಳಾದವು. ಇಂಥ ಕಾಳುಗಳು ಕೋಟ್ಯನುಕೋಟಿಯಾಗಿ ತಳದಲ್ಲಿ ರಾಶಿಬಿದ್ದು, ಕಾಲಾಂತರದಲ್ಲಿ ಒಂದಕ್ಕೊಂದು ಬೆಸೆದು ಕಲ್ಲಾದವು.

ಈ ಕಲ್ಲಿನ ತುಂಡೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೀನಿನ ಮೊಟ್ಟೆಗಳನ್ನು ಒತ್ತೊತ್ತಾಗಿ ಇಟ್ಟಂತೆ ಕಾಣುತ್ತದೆ. ಆದ್ದರಿಂದಲೇ ವಿಜ್ಞಾನಿಗಳು ಇದಕ್ಕೆ ‘ಮೊಟ್ಟೆಗಲ್ಲು’ ಎಂಬ ಅರ್ಥದ ಗ್ರೀಕ್ ಮಾತಿನಿಂದ ಓಲೈಟ್ ಎಂಬ ಹೆಸರಿಟ್ಟರು. ಇದು ಕೇವಲ ಊಹೆಯಲ್ಲ. ಬಹಾಮಾ ದ್ವೀಪಗಳ ಸುತ್ತಣ ಬೆಚ್ಚನೆಯ ತೆಳುನೀರಿನಲ್ಲಿ ಇಂದಿಗೂ ಇಂಥ ಕಾಳುಗಳು ಹುಟ್ಟುತ್ತಿವೆ. ಕಾಳುಗಳ ನಡುವೆ ಸೇರಿಕೊಂಡ ಅಲ್ಪಸ್ವಲ್ಪ ಕಬ್ಬಿಣದ ಸಂಯುಕ್ತಗಳೇ ಕಲ್ಲಿಗೆ ಜೇನಿನ ಬಣ್ಣವನ್ನು ಕೊಟ್ಟಿವೆ.

ನಮ್ಮ ಕಲಬುರಗಿಯ ಕಡೆಯ ಶಹಾಬಾದ್ ಕಲ್ಲನ್ನು ಬಲ್ಲ ವಾಚಕರಿಗೆ ಇಲ್ಲೊಂದು ಮಾತು ಹೇಳಬಹುದು. ಅದೂ ಸುಣ್ಣಕಲ್ಲೇ. ಆದರೆ ಅದು ಈ ಕಲ್ಲಿಗಿಂತ ಬಹಳ ಪುರಾತನವಾದದ್ದು. ನವುರಾದ ಕಣದ್ದು, ಹಾಸುಹಾಸಾಗಿ ಏಳುವಂಥದ್ದು. ರಾಸಾಯನಿಕವಾಗಿ ಎರಡೂ ಬಹುಮಟ್ಟಿಗೆ ಒಂದೇ ಆದರೂ ಹುಟ್ಟಿದ ಬಗೆ ಬೇರೆ, ಸೀಳುವ ಬಗೆ ಬೇರೆ. ಆದ್ದರಿಂದ ಅವು ಹೊಂದುವ ಕೆಲಸವೂ ಬೇರೆ.

ಕಾಟ್ಸ್‌ವೋಲ್ಡಿನ ಬಂಡೆಯೊಳಗೂ ಎಲ್ಲ ಪದರಗಳು ಒಂದೇ ತೆರನಲ್ಲ. ಕೆಲವು ಪದರಗಳು ದಪ್ಪವಾಗಿ, ಸಮನಾಗಿ ಇವೆ. ಗಣಿಯಿಂದ ತೆಗೆದ ಹೊಸತರಲ್ಲಿ ಅವುಗಳಲ್ಲಿ ತೇವವಿರುವುದರಿಂದ ಗರಗಸದಿಂದಲೂ ಕೊಯ್ಯಬಹುದು. ಗಾಳಿಗೆ ಒಣಗಿದಂತೆ ಹೊರಮೈ ಗಡುಸಾಗುತ್ತದೆ. ಇವು ಮೂಲೆಗಲ್ಲುಗಳಿಗೂ ಕಿಟಕಿ ಬಾಗಿಲುಗಳ ಚೌಕಟ್ಟುಗಳಿಗೂ ತಕ್ಕವು. ಕೆಲವು ಪದರಗಳು ಬಿರುಕುಬಿಟ್ಟು ತುಂಡುತುಂಡಾಗಿ ಬರುತ್ತವೆ; ಇವು ಗೋಡೆ ಕಟ್ಟಲು ಸಾಕು. ಇನ್ನು ಕೆಲವು ಮರಳು ಬೆರೆತ ತೆಳುಪದರಗಳು, ಪುಸ್ತಕದ ಹಾಳೆಗಳಂತೆ ಬಿಡಿಬಿಡಿಯಾಗಿ ಸೀಳುತ್ತವೆ. ಇವೇ ಛಾವಣಿಯ ಹಂಚು. ಒಂದೇ ಗುಡ್ಡದ ಮೂರು ಪದರಗಳು ಒಂದೇ ಮನೆಯ ಮೂರು ಅಂಗಗಳಾದವು. ಮನೆ ಕಟ್ಟಿದವರು ಭೂವಿಜ್ಞಾನವೆಂಬ ಹೆಸರನ್ನು ಕೇಳಿರಲಿಲ್ಲ. ಆದರೆ ಯಾವ ಪದರದ ಕೆಳಗೆ ಯಾವ ಪದರ ಬರುವುದೆಂಬುದು ಅವರಿಗೆ ತಮ್ಮ ಹೊಲದ ಮಣ್ಣಿನಷ್ಟೇ ಪರಿಚಿತವಾಗಿತ್ತು.

ಉಣ್ಣೆಯ ಉಗ್ರಾಣ

ಈ ಸಾಲು ಮೊದಲಿಗೆ ವಾಸದ ಮನೆಗಳಾಗಿಯೇ ಹುಟ್ಟಲಿಲ್ಲ. ಸುಮಾರು ೧೩೮೦ರಲ್ಲಿ ಕ್ರೈಸ್ತ ಮಠವೊಂದಕ್ಕೆ ಸೇರಿದ ಉಣ್ಣೆಯ ಉಗ್ರಾಣವಾಗಿ ಇದನ್ನು ಕಟ್ಟಿದರು. ಸುಣ್ಣಕಲ್ಲಿನ ಮೇಲಣ ತೆಳುಮಣ್ಣಿನಲ್ಲಿ ಹುಲ್ಲು ಚೆನ್ನಾಗಿ ಬೆಳೆಯುತ್ತದೆ; ನೀರು ನಿಲ್ಲದೆ ಇಂಗಿಹೋಗುವುದರಿಂದ ಕುರಿಗಳಿಗೆ ಅಂಥ ನೆಲ ಹಿತ. ಆದ್ದರಿಂದ ಮಧ್ಯಯುಗದಲ್ಲಿ ಕಾಟ್ಸ್‌ವೋಲ್ಡ್ ಉಣ್ಣೆಗೆ ಹೆಸರಾಯಿತು. ಈ ಉಣ್ಣೆ ಫ್ಲಾಂಡರ್ಸ್ ಮತ್ತು ಇಟಲಿಯ ಮಗ್ಗಗಳವರೆಗೆ ಹೋಗುತ್ತಿತ್ತು. ಆ ಕಾಲದ ಇಂಗ್ಲೆಂಡಿನ ಸಂಪತ್ತಿಗೆ ಉಣ್ಣೆ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ ಒಂದು ಕುರುಹು ಇಂದಿಗೂ ಉಳಿದಿದೆ: ಬ್ರಿಟನ್ನಿನ ಲಾರ್ಡ್ಸ್ ಸಭೆಯ ಅಧ್ಯಕ್ಷರು ಕುಳಿತುಕೊಳ್ಳುವುದು ಉಣ್ಣೆ ತುಂಬಿದ ಪೀಠದ ಮೇಲೆ.

ಹದಿನೇಳನೆಯ ಶತಮಾನದಲ್ಲಿ ಈ ಉದ್ದನೆಯ ಉಗ್ರಾಣಕ್ಕೆ ಅಡ್ಡಗೋಡೆ, ಒಲೆ, ಹೊಗೆಗೂಡುಗಳನ್ನು ಕೂಡಿಸಿ, ನೇಕಾರರ ಮನೆಗಳ ಸಾಲನ್ನಾಗಿ ಮಾರ್ಪಡಿಸಿದರು. ನೇಕಾರರು ನೇಯ್ದ ಉಣ್ಣೆಬಟ್ಟೆ ಸಮೀಪದ ಆರ್ಲಿಂಗ್‌ಟನ್ ಗಿರಣಿಗೆ ಹೋಗುತ್ತಿತ್ತು. ಅಲ್ಲಿ ನೀರಿನ ಚಕ್ರದಿಂದ ಏಳುತ್ತ ಬೀಳುತ್ತ ಇದ್ದ ಮರದ ಕೊಡತಿಗಳು ಒದ್ದೆಬಟ್ಟೆಯನ್ನು ಕುಟ್ಟುತ್ತಿದ್ದವು. ಇದರಿಂದ ಉಣ್ಣೆಯ ಜಿಡ್ಡು ಹೋಗಿ, ಎಳೆಗಳು ಒಂದರೊಳಗೊಂದು ಹೆಣೆದುಕೊಂಡು, ಬಟ್ಟೆ ದಟ್ಟವಾಗುತ್ತಿತ್ತು. ಕುಟ್ಟಿದ ಬಟ್ಟೆ ಕುಗ್ಗದಂತೆ ಬಿಗಿಯಾಗಿ ಎಳೆದು ಒಣಗಿಸಬೇಕು. ಅದಕ್ಕಾಗಿ ಮನೆಗಳ ಎದುರಿಗೇ, ಮೂರು ಕಡೆ ನೀರು ಸುತ್ತುವರಿದ ಹುಲ್ಲುಗಾವಲಿನಲ್ಲಿ, ಮರದ ಚೌಕಟ್ಟುಗಳನ್ನು ನಿಲ್ಲಿಸುತ್ತಿದ್ದರು. ಅಂಥ ಚೌಕಟ್ಟಿಗೆ ಇಂಗ್ಲಿಷಿನಲ್ಲಿ ‘ರ‍್ಯಾಕ್’ ಎಂದು ಹೆಸರು; ಆ ಹುಲ್ಲುಗಾವಲಿಗೆ ಇಂದಿಗೂ ರ‍್ಯಾಕ್ ಐಲ್ ಎಂದೇ ಹೆಸರು. ಬಟ್ಟೆ ಹೋಯಿತು, ಚೌಕಟ್ಟು ಹೋಯಿತು, ಹೆಸರು ಮಾತ್ರ ಉಳಿಯಿತು.

ಗೋಡೆ ಮತ್ತು ಕಿಟಕಿ

ಈಗ ಗೋಡೆಗೆ ಬರೋಣ. ಕಾಟ್ಸ್‌ವೋಲ್ಡಿನ ಹಳೆಯ ಗೋಡೆ ಹೊರಗೆ ನೋಡಲು ಒಂದೇ ಗೋಡೆ. ಒಳಗೆ ನೋಡಿದರೆ ಎರಡು. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು ಕಲ್ಲು, ನಡುವೆ ಚೂರುಗಲ್ಲು ಮತ್ತು ಸುಣ್ಣದ ಗಾರೆ. ಇವೆರಡೂ ಬೇರೆಬೇರೆಯಾಗಿ ಉಬ್ಬಿ ಬೀಳದಂತೆ ಅಲ್ಲಲ್ಲಿ ಉದ್ದನೆಯ ಕಲ್ಲೊಂದನ್ನು ಅಡ್ಡಡ್ಡ ಹಾಯಿಸಿ ಎರಡು ಮೈಗಳನ್ನೂ ಬಿಗಿಯುತ್ತಿದ್ದರು. ಹೀಗೆ ಕಟ್ಟಿದ ಗೋಡೆ ಒಂದೂವರೆ ಅಡಿಯಿಂದ ಎರಡು ಅಡಿಯವರೆಗೆ ದಪ್ಪವಾಗುವುದು ಸಹಜ. ಕಲ್ಲು ಕಡಲ ತಳದಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲಿಯೂ ಹಾಗೆಯೇ ಮಲಗಬೇಕೆಂಬುದು ಕಲ್ಲುಕೆಲಸದವರ ಕಟ್ಟುನಿಟ್ಟಾದ ನಿಯಮ. ಪದರಗಳು ಲಂಬವಾಗಿ ನಿಲ್ಲುವಂತೆ ಕಲ್ಲನ್ನು ಇಟ್ಟರೆ, ಮಳೆ ಮಂಜುಗಳ ಕಾಟಕ್ಕೆ ಹೊರಗಿನ ಪದರ ಸಿಪ್ಪೆಯಂತೆ ಸುಲಿದು ಬೀಳುತ್ತದೆ.

ಕಿಟಕಿ ಕಿರಿದೇಕೆ? ಗಾಜಿನ ಬೆಲೆ ಹೆಚ್ಚು, ಚಳಿಯೂ ಹೆಚ್ಚು ಎಂಬುದು ಒಂದು ಕಾರಣ. ಇದಕ್ಕಿಂತ ಮೂಲಭೂತವಾದ ಕಾರಣ ಕಲ್ಲಿನ ಸ್ವಭಾವದಲ್ಲಿದೆ. ಕಲ್ಲು ಒತ್ತಡವನ್ನು ಧಾರಾಳವಾಗಿ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಕಿಟಕಿಯ ಮೇಲೆ ಇಟ್ಟ ಅಡ್ಡಗಲ್ಲು, ಮೇಲಿನ ಗೋಡೆಯ ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಎಳೆತಕ್ಕೂ ಸಿಕ್ಕುತ್ತದೆ. ಎಳೆತ ಮಿತಿಮೀರಿದರೆ ಅಡ್ಡಗಲ್ಲು ಕೆಳಗಿನಿಂದ ಬಿರಿಯುತ್ತದೆ. ಸಮನಾಗಿ ಹರಡಿದ ಭಾರ ಹೊತ್ತಿರುವ ಅಡ್ಡಗಲ್ಲಿನಲ್ಲಿ ಈ ಬಾಗಿಸುವ ಬಲ ಅಗಲದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಎಂದರೆ, ಕಿಟಕಿಯ ಅಗಲ ಎರಡರಷ್ಟಾದರೆ ಬಾಗಿಸುವ ಬಲ ನಾಲ್ಕರಷ್ಟಾಗುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಅಗಲವಾದ ಕಿಟಕಿಯ ನಡುವೆ ಒಂದು ಕಲ್ಲಿನ ಕಂಬವನ್ನು ನಿಲ್ಲಿಸಿ ಎರಡು ಪಾಲು ಮಾಡಿದರೆ ಪ್ರತಿಯೊಂದು ಪಾಲಿನಲ್ಲಿಯೂ ಬಾಗಿಸುವ ಬಲ ಮೊದಲಿನ ಕಾಲುಭಾಗಕ್ಕೆ ಇಳಿಯುತ್ತದೆ. ಕಾಟ್ಸ್‌ವೋಲ್ಡಿನ ಸ್ಥಿತಿವಂತರ ಮನೆಗಳಲ್ಲಿ ಸಾಲುಸಾಲಾಗಿ ಕಾಣುವ ಕಿಟಕಿಯ ನಡುಗಂಬಗಳು ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಈ ಲೆಕ್ಕದಿಂದ ಹುಟ್ಟಿದವು. ಅಷ್ಟು ಖರ್ಚು ಮಾಡಲಾರದ ಬಡವರು ಕಿಟಕಿಯನ್ನೇ ಕಿರಿದಾಗಿಟ್ಟರು, ಇಲ್ಲವೆ ಓಕ್ ಮರದ ತೊಲೆಯೊಂದನ್ನು ಅಡ್ಡವಿಟ್ಟರು. ಮರ ಎಳೆತವನ್ನೂ ತಡೆಯಬಲ್ಲದಷ್ಟೆ.

ಛಾವಣಿಯ ಗಣಿತ

ಈ ಮನೆಗಳ ನಿಜವಾದ ಜಾಣ್ಮೆ ಇರುವುದು ಛಾವಣಿಯಲ್ಲಿ. ಕಲ್ಲಿನ ಹಂಚು ಸುಟ್ಟ ಹಂಚಿನಂತೆ ಅಚ್ಚಿನಿಂದ ಬಂದದ್ದಲ್ಲ. ಒಂದರಂತೆ ಇನ್ನೊಂದಿಲ್ಲ, ಒಂದರ ಮೇಲೊಂದು ಸರಿಯಾಗಿ ಕೂರುವುದೂ ಇಲ್ಲ. ಸಂದುಗಳಲ್ಲಿ ಗಾಳಿ ಮಳೆಯನ್ನು ಒಳಕ್ಕೆ ನೂಕುತ್ತದೆ. ಕಲ್ಲು ತಾನೂ ಸ್ವಲ್ಪ ನೀರನ್ನು ಹೀರುತ್ತದೆ. ಅಲ್ಲಿ ಬೀಳುವುದು ನಮ್ಮ ಮಲೆನಾಡಿನಂಥ ಜಡಿಮಳೆಯಲ್ಲ. ವರ್ಷಕ್ಕೆ ಸುಮಾರು ೩೦ ಅಂಗುಲ ಮಾತ್ರ. ಆದರೆ ಅದು ಎಲ್ಲ ಋತುಗಳಲ್ಲಿಯೂ ಬಿಟ್ಟುಬಿಟ್ಟು ಹನಿಯುತ್ತಿರುವುದರಿಂದ ಛಾವಣಿ ಒಣಗಲು ಬಿಡುವು ಕಡಿಮೆ. ಇದಕ್ಕೆ ಪರಿಹಾರವೊಂದೇ: ನೀರು ನಿಲ್ಲುವ ಮೊದಲೇ ಜಾರಿಹೋಗಬೇಕು. ಆದ್ದರಿಂದ ಛಾವಣಿಯ ಇಳಿಜಾರನ್ನು ಸುಮಾರು ೫೦ರಿಂದ ೫೫ ಡಿಗ್ರಿಯಷ್ಟು ಕಡಿದಾಗಿ ಇಟ್ಟರು.

ಇದರಿಂದ ಇನ್ನೊಂದು ಲಾಭವೂ ಒದಗಿತು. ಕಲ್ಲಿನ ಛಾವಣಿ ಬಲು ಭಾರ. ನೂರು ಚದರ ಅಡಿಯನ್ನು ಮುಚ್ಚಲು ಒಂದು ಟನ್ನಿಗೆ ಸಮೀಪದಷ್ಟು ಕಲ್ಲು ಬೇಕು. ಚಿಕ್ಕ ಮನೆಯೊಂದರ ಛಾವಣಿ ೬೦೦ ಚದರ ಅಡಿ ಎಂದಿಟ್ಟುಕೊಂಡರೂ ಅದರ ಮೇಲಣ ಕಲ್ಲೇ ಐದಾರು ಟನ್ನಾಯಿತು. ಇಷ್ಟು ಭಾರವನ್ನು ಹೊತ್ತ ಇಳಿಜಾರು ಮರಗಳು ತಮ್ಮ ಬುಡದಲ್ಲಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತವೆ. ಇಳಿಜಾರು ಕಡಿದಾದಷ್ಟೂ ಈ ಹೊರನೂಕು ಕಡಿಮೆಯಾಗುತ್ತದೆ. ಭಾರ ನೇರವಾಗಿ ಗೋಡೆಯ ಮೂಲಕ ನೆಲಕ್ಕಿಳಿಯುತ್ತದೆ. ಜೊತೆಗೆ, ಕಡಿದಾದ ಛಾವಣಿಯ ಕೆಳಗೆ ಉಳಿಯುವ ತ್ರಿಕೋನಾಕಾರದ ಜಾಗವೇ ಒಂದು ಅಟ್ಟವಾಯಿತು. ಅದಕ್ಕೆ ಬೆಳಕು ಬರಲೆಂದು ಮುಂಗೋಡೆಯನ್ನು ಅಲ್ಲಲ್ಲಿ ಎತ್ತರಿಸಿ, ಪುಟ್ಟ ತ್ರಿಕೋನ ಮುಖಗಳನ್ನು ಮಾಡಿ, ಅವುಗಳಲ್ಲಿ ಕಿಟಕಿಯಿಟ್ಟರು. ಚಿತ್ರಗಾರರನ್ನು ಮರುಳುಮಾಡುವ ಆ ತ್ರಿಕೋನಗಳು ಮೂಲದಲ್ಲಿ ಅಟ್ಟದ ಕತ್ತಲೆಯನ್ನು ಕಳೆಯುವ ಉಪಾಯ ಮಾತ್ರ.

ಹಂಚುಗಳು ಕೆಳಗೆ ದೊಡ್ಡವು, ಮೇಲೆ ಚಿಕ್ಕವು ಏಕೆ? ಗಣಿಯಲ್ಲಿ ಕಲ್ಲು ಸೀಳಿದಾಗ ಎಲ್ಲ ಅಳತೆಯ ಬಿಲ್ಲೆಗಳೂ ಬರುತ್ತವೆ. ದೊಡ್ಡವನ್ನು ಮಾತ್ರ ಆರಿಸಿ ಚಿಕ್ಕವನ್ನು ಎಸೆಯುವಷ್ಟು ಸಿರಿವಂತಿಕೆ ಆ ಜನರಿಗಿರಲಿಲ್ಲ. ಛಾವಣಿಯ ಮೇಲೆ ಬಿದ್ದ ನೀರು ಕೆಳಗಿಳಿದಂತೆ ಹೆಚ್ಚುತ್ತ ಹೋಗುತ್ತದೆ. ನೆತ್ತಿಯ ಬಳಿ ಅಲ್ಲಿ ಬಿದ್ದ ಹನಿಗಳು ಮಾತ್ರ, ಸೂರಿನ ಬಳಿ ಇಡೀ ಛಾವಣಿಯ ನೀರು. ನೀರು ಹೆಚ್ಚಿರುವ ಕಡೆ ಸಂದು ಕಡಿಮೆ ಇರಬೇಕು. ಆದ್ದರಿಂದ ದೊಡ್ಡ ಹಂಚು ಅಲ್ಲಿಗೆ. ಅತಿ ಭಾರವಾದ ಹಂಚುಗಳು ಗೋಡೆಯ ಆಸರೆಯ ಸಮೀಪವೇ ಉಳಿಯುವುದರಿಂದ ಮರಗಳಿಗೂ ಹಿತ. ಹೀಗೆ ಮಿತವ್ಯಯ, ನೀರಿನ ಹರಿವು, ಭಾರದ ಹಂಚಿಕೆ ಈ ಮೂರೂ ಒಂದೇ ಏರ್ಪಾಡಿನಲ್ಲಿ ಕೂಡಿಬಂದವು. ಅದರ ಫಲವಾಗಿ ಛಾವಣಿಗೆ ಒಂದು ಸೊಗಸು ತಾನಾಗಿಯೇ ಬಂದಿತು.

ಹಂಚು ಹೊದಿಸುವವನ ಕೈಯಲ್ಲಿ ಗೀಟು ಹಾಕಿದ ಒಂದು ಅಳತೆಗೋಲು ಇರುತ್ತಿತ್ತು. ಒಂದೊಂದು ಅಳತೆಯ ಹಂಚಿಗೂ ಒಂದೊಂದು ಅಡ್ಡಹೆಸರು. ‘ಮದುವೆಯಾಗದವನು’ ಎಂಬ ಅರ್ಥದ ಬ್ಯಾಚಲರ್ ಎಂಬುದೂ ಅವುಗಳಲ್ಲೊಂದು. ಹಂಚಿನ ಮೇಲ್ತುದಿಯಲ್ಲಿ ಒಂದು ತೂತು ಮಾಡಿ, ಓಕ್ ಮರದ ಗೂಟವನ್ನು ತೂರಿಸಿ, ಛಾವಣಿಯ ರೀಪುಗಳಿಗೆ ತೂಗುಹಾಕುತ್ತಿದ್ದರು. ಛಾವಣಿಯ ಯಾವ ಜಾಗದಲ್ಲಿ ಸೂಜಿ ಚುಚ್ಚಿದರೂ ಕನಿಷ್ಠ ಎರಡು ಪದರ ಕಲ್ಲು ಅಡ್ಡ ಬರಬೇಕೆಂಬುದು ನಿಯಮ. ಹಸಿ ಓಕ್ ಮರ ವರ್ಷಗಳು ಕಳೆದಂತೆ ಒಣಗಿ, ತಿರುಚಿ, ಭಾರಕ್ಕೆ ತಗ್ಗುತ್ತದೆ. ಬಿಡಿಬಿಡಿಯಾಗಿ ತೂಗುವ ಹಂಚುಗಳು ಮರದೊಡನೆ ತಾವೂ ಹೊಂದಿಕೊಂಡು ಕೂರುತ್ತವೆ. ನಾವು ದೂರದಿಂದ ಕಂಡ ಆ ಅಲೆಯಂಥ ನೆತ್ತಿಯ ಗುಟ್ಟು ಇದೇ.

ಹಿಮ ಎಂಬ ಕೆಲಸಗಾರ

ಇಂಥ ತೆಳುಹಂಚುಗಳನ್ನು ಬಂಡೆಯಿಂದ ಸೀಳಿದ್ದು ಹೇಗೆ? ಕೆಲವು ಕಡೆ, ಮೇಲ್ಮಣ್ಣಿನ ಹತ್ತಿರದ ಪದರಗಳು ತಾವಾಗಿಯೇ ಬಿಡಿಬಿಡಿಯಾಗಿ ಸಿಕ್ಕುತ್ತಿದ್ದವು. ಅವನ್ನು ಅಗೆದು ತಂದು ಅಂಚು ತಟ್ಟಿದರೆ ಸಾಕಾಗುತ್ತಿತ್ತು. ಆದರೆ ನೆರೆಯ ಆಕ್ಸ್‌ಫರ್ಡ್‌ಷೈರಿನ ಸ್ಟೋನ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ನೆಲದಡಿಯಿಂದ ತೆಗೆದ ಹಾಸುಗಲ್ಲು ಸುತ್ತಿಗೆಗೆ ಸುಲಭವಾಗಿ ಮಣಿಯುತ್ತಿರಲಿಲ್ಲ. ಅಲ್ಲಿನವರು ಕಂಡುಕೊಂಡ ಉಪಾಯ ಸೋಜಿಗದ್ದು. ಗಣಿಯ ಕಲ್ಲನ್ನು ಅದರ ಸಹಜ ತೇವ ಆರದಂತೆ ಮಣ್ಣು ಮುಚ್ಚಿ ಕಾಪಾಡುತ್ತಿದ್ದರು. ಚಳಿಗಾಲ ಬಂದೊಡನೆ ಬಯಲಿನಲ್ಲಿ ಹರಡಿ ನೀರು ಚಿಮುಕಿಸಿ ಬಿಡುತ್ತಿದ್ದರು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡ ೯ರಷ್ಟು ಹೆಚ್ಚುತ್ತದಷ್ಟೆ. ಪದರಗಳ ನಡುವಣ ತೇವ ಹಿಮವಾಗಿ ಹಿಗ್ಗಿ, ಸಾವಿರಾರು ಸಣ್ಣ ಬೆಣೆಗಳನ್ನು ಬಡಿದಂತೆ, ಕಲ್ಲನ್ನು ಸಂದುಸಂದಿನಲ್ಲಿ ಬಿಡಿಸುತ್ತಿತ್ತು. ಆಮೇಲೆ ಸುತ್ತಿಗೆಯ ಒಂದು ಹಗುರವಾದ ಪೆಟ್ಟಿಗೆ ಹಾಳೆಗಳು ಬೇರೆಯಾಗುತ್ತಿದ್ದವು. ರಾತ್ರಿ ಇದ್ದಕ್ಕಿದ್ದಂತೆ ಹಿಮ ಬೀಳುವ ಸೂಚನೆ ಕಂಡರೆ ಚರ್ಚಿನ ಗಂಟೆ ಬಾರಿಸುತ್ತಿದ್ದರೆಂದೂ, ಊರಿನವರೆಲ್ಲ ಹಾಸಿಗೆಯಿಂದೆದ್ದು ಬಂದು ಕಲ್ಲಿನ ಮೇಲಣ ಮಣ್ಣು ಸರಿಸುತ್ತಿದ್ದರೆಂದೂ ಹೇಳುತ್ತಾರೆ.

ಇದೇ ಸ್ಟೋನ್ಸ್‌ಫೀಲ್ಡಿನ ಹಂಚುಗಲ್ಲಿನ ಪದರಗಳಲ್ಲಿ ದೈತ್ಯ ಪ್ರಾಣಿಯೊಂದರ ದವಡೆ ಮತ್ತು ಮೂಳೆಗಳು ದೊರೆತವು. ಆಕ್ಸ್‌ಫರ್ಡಿನ ವಿಲಿಯಂ ಬಕ್ಲೆಂಡ್ ೧೮೨೪ರಲ್ಲಿ ಅದನ್ನು ವರ್ಣಿಸಿ ಮೆಗಲೊಸಾರಸ್ ಎಂದು ಹೆಸರಿಟ್ಟನು. ವೈಜ್ಞಾನಿಕವಾಗಿ ಹೆಸರು ಪಡೆದ ಮೊಟ್ಟಮೊದಲ ಡೈನೊಸಾರ್ ಇದೇ. ‘ಡೈನೊಸಾರ್’ ಎಂಬ ಮಾತೇ ೧೮೪೨ರಲ್ಲಿ, ಎಂದರೆ ೧೮ ವರ್ಷಗಳ ತರುವಾಯ, ಹುಟ್ಟಿತು. ಬಡವರ ಮನೆಗೆ ಮಾಡು ಹೊದಿಸಲು ತೆಗೆದ ಕಲ್ಲು ಜೀವವಿಜ್ಞಾನಕ್ಕೆ ಒಂದು ಹೊಸ ಲೋಕದ ಬಾಗಿಲನ್ನೇ ತೆರೆಯಿತು.

ಬಡತನ ಉಳಿಸಿದ ಮನೆಗಳು

ಆವಿಯಂತ್ರದ ಕಾಲ ಬಂದಾಗ ಉಣ್ಣೆಯ ಕೈಗಾರಿಕೆ ಕಲ್ಲಿದ್ದಲು ಹೇರಳವಾಗಿದ್ದ ಯಾರ್ಕ್‌ಷೈರಿನ ಕಡೆಗೆ ಸರಿಯಿತು. ಕಾಟ್ಸ್‌ವೋಲ್ಡಿನ ಕೈಮಗ್ಗಗಳು ಒಂದೊಂದಾಗಿ ಮೌನವಾದವು. ಹಣವಿದ್ದ ಊರುಗಳು ಹಳೆಯ ಮನೆಗಳನ್ನು ಕೆಡಹಿ ಹೊಸತನ್ನು ಕಟ್ಟಿದವು. ಹಣವಿಲ್ಲದ ಈ ಹಳ್ಳಿಗಳು ಇದ್ದುದರಲ್ಲಿಯೇ ಉಳಿದವು. ಆರ್ಲಿಂಗ್‌ಟನ್ ಸಾಲು ನಮ್ಮ ಕಾಲಕ್ಕೆ ಉಳಿದು ಬಂದದ್ದಕ್ಕೆ ಅದರ ಗಟ್ಟಿತನ ಎಷ್ಟು ಕಾರಣವೋ, ಅಲ್ಲಿನವರ ಬಡತನವೂ ಅಷ್ಟೇ ಕಾರಣ. ಇಂಥ ಮನೆಗಳಲ್ಲಿ ಬಾಳಿದವರಿಗೆ ತಗ್ಗಿದ ಮಾಡು, ಮಂದಬೆಳಕು, ಕಲ್ಲಿನ ಥಂಡಿ ಇವು ಕಾವ್ಯವಾಗಿರಲಿಲ್ಲವೆಂಬುದನ್ನು ನಾವು ಮರೆಯಲಾಗದು.

ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನ ಕಣ್ಣು ಈ ಕಡೆ ತಿರುಗಿತು. ಬೈಬರಿಗೆ ಕೆಲವೇ ಮೈಲಿ ದೂರದ ಚೆಡ್‌ವರ್ತ್ ಎಂಬ ಹಳ್ಳಿಯ ಕಲ್ಲುಮನೆಯೊಂದನ್ನು ಅಮೆರಿಕದ ಮೋಟಾರು ದೊರೆ ಹೆನ್ರಿ ಫೋರ್ಡ್ ಕೊಂಡುಕೊಂಡು, ೧೯೩೦ರಲ್ಲಿ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿಸಿ, ಹಡಗಿನಲ್ಲಿ ಸಾಗಿಸಿ, ಮಿಷಿಗನ್ ಪ್ರಾಂತದ ಡಿಯರ್‌ಬಾರ್ನಿನಲ್ಲಿ ತಾನು ಮಾಡಿಸುತ್ತಿದ್ದ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿಸಿದನು. ಆರ್ಲಿಂಗ್‌ಟನ್ ಸಾಲಿನ ಮೇಲೂ ಅವನ ಕಣ್ಣಿತ್ತೆಂಬ ಮಾತು ಜನರ ಬಾಯಲ್ಲಿದೆ. ಆದರೆ ಈ ಸಾಲು ಇದ್ದಲ್ಲಿಯೇ ಉಳಿಯಿತು. ಹಳೆಯ ಗ್ರಾಮೀಣ ಮನೆಗಳನ್ನು ಕಾಪಾಡುವ ಉದ್ದೇಶದಿಂದ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ೧೯೨೯ರಲ್ಲಿ ಅದನ್ನು ಕೊಂಡಿತು. ೧೯೪೯ರಲ್ಲಿ ಅದು ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು. ಇಂದಿಗೂ ಅಲ್ಲಿ ಜನ ವಾಸವಾಗಿದ್ದಾರೆ.

ಗಾರೆ ಕಲಿಸುವ ಪಾಠ

ಕೊಂಡಮಾತ್ರಕ್ಕೆ ಕಾಪಾಡಿದಂತಾಯಿತೆ? ಇಲ್ಲಿಯೇ ನಮ್ಮ ವಿಷಯದ ತಿರುಳಿರುವುದು. ಹಳೆಯ ಕಲ್ಲುಗೋಡೆಯ ಸಂದಿನಲ್ಲಿರುವುದು ಸುಣ್ಣದ ಗಾರೆ. ಸುಣ್ಣಕಲ್ಲನ್ನು ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಅರಳಿದ ಸುಣ್ಣ. ಮರಳಿನೊಡನೆ ಕಲಸಿ ಗೋಡೆಯಲ್ಲಿಟ್ಟರೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಕಲ್ಲು ಗಾರೆಯಾಗಿ, ಗಾರೆ ಮತ್ತೆ ಕಲ್ಲಾಗುವ ಚಕ್ರವಿದು. ಇಂಥ ಗಾರೆ ಮೆತ್ತಗೆ, ರಂಧ್ರಮಯ. ಗೋಡೆ ಹೀರಿದ ತೇವ ಈ ಸಂದುಗಳ ಮೂಲಕ ಹೊರಹೋಗುತ್ತದೆ. ಗೋಡೆ ಸ್ವಲ್ಪ ಕುಸಿದರೂ ಗಾರೆ ಹೊಂದಿಕೊಳ್ಳುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ದುರಸ್ತಿ ಮಾಡುವವರು ಅನೇಕ ಹಳೆಯ ಕಟ್ಟಡಗಳ ಸಂದು ಕೆತ್ತಿ ಸಿಮೆಂಟು ತುಂಬಿದರು. ಗಟ್ಟಿಯಾದದ್ದೇ ಒಳ್ಳೆಯದೆಂಬುದು ಅವರ ನಂಬಿಕೆ. ಆದರೆ ಸಿಮೆಂಟು ತೇವವನ್ನು ಹೊರಬಿಡುವುದಿಲ್ಲ. ದಾರಿ ಮುಚ್ಚಿದ ತೇವ ಕಲ್ಲಿನ ಮೂಲಕವೇ ಹೊರಬರಬೇಕಾಯಿತು. ಅದು ಕಲ್ಲಿನೊಳಗೇ ಹೆಪ್ಪುಗಟ್ಟಿತು. ತನ್ನೊಡನೆ ತಂದ ಲವಣಗಳನ್ನು ಕಲ್ಲಿನ ರಂಧ್ರಗಳಲ್ಲಿಯೇ ಹರಳುಗಟ್ಟಿಸಿತು. ಪರಿಣಾಮವಾಗಿ, ಸಿಮೆಂಟಿನ ಗೆರೆ ಗಟ್ಟಿಯಾಗಿ ನಿಂತು, ನೂರಾರು ವರ್ಷ ಬಾಳಿದ ಕಲ್ಲು ಅದರ ಸುತ್ತ ಪುಡಿಪುಡಿಯಾಗಿ ಉದುರತೊಡಗಿತು. ಗಾರೆ ಕಲ್ಲಿಗಿಂತ ಮೃದುವಾಗಿರಬೇಕು. ಕೆಡುವುದಿದ್ದರೆ ಮೊದಲು ತಾನು ಕೆಡಬೇಕು. ಕೆಟ್ಟಾಗ ಅದನ್ನು ತೆಗೆದು ಹೊಸತನ್ನು ತುಂಬಬಹುದು. ಹಳೆಯ ಗಾರೆಕೆಲಸದವರ ಕೈಗೆ ತಿಳಿದಿದ್ದ ಈ ತತ್ತ್ವವನ್ನು ಇಂದು ಸಂರಕ್ಷಣಾ ವಿಜ್ಞಾನ ಎತ್ತಿಹಿಡಿದಿದೆ. ಹಳೆಯ ಕಟ್ಟಡವನ್ನು ಹೊಸದಾಗಿ ಮಾಡಹೊರಡದೆ, ದಿನದಿನವೂ ಎಚ್ಚರದಿಂದ ಸರಿಪಡಿಸುತ್ತ ಬರಬೇಕೆಂದು ವಾದಿಸಿ ವಿಲಿಯಂ ಮಾರಿಸ್ ೧೮೭೭ರಲ್ಲಿಯೇ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನು ಸ್ಥಾಪಿಸಿದ್ದನು.

ಛಾವಣಿಯ ಸಮಸ್ಯೆ ಇನ್ನೂ ಕಠಿಣ. ಸ್ಟೋನ್ಸ್‌ಫೀಲ್ಡಿನ ಹಂಚುಗಣಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ನಿಂತುಹೋದವು. ಗಣಿ ನಿಂತ ಮೇಲೆ ಹಳೆಯ ಹಂಚನ್ನು ಹುಡುಕಿ ತರುವುದು ರೂಢಿಯಾಯಿತು. ಎಂದರೆ ಒಂದು ಹಳೆಯ ಛಾವಣಿಯನ್ನು ಉಳಿಸಲು ಇನ್ನೊಂದು ಹಳೆಯ ಛಾವಣಿಯನ್ನು ಬಿಚ್ಚಬೇಕಾಯಿತು! ಚಳಿಗಾಲವೂ ಮೊದಲಿನಷ್ಟು ತೀವ್ರವಾಗಿಲ್ಲ. ಹಿಮವನ್ನೇ ನೆಚ್ಚಿದ ಕೆಲಸಕ್ಕೆ ಅದೂ ಒಂದು ಪೆಟ್ಟು. ಆದರೂ ಆಸೆ ಕಳೆದುಕೊಳ್ಳಬೇಕಾಗಿಲ್ಲ. ಇದೇ ಬಗೆಯ ಹಂಚಿಗೆ ಹೆಸರಾದ ನಾರ್ತ್ಯಾಂಪ್ಟನ್‌ಷೈರಿನ ಕಾಲಿವೆಸ್ಟನ್ ಎಂಬಲ್ಲಿ, ಒದ್ದೆಗಲ್ಲನ್ನು ಶೈತ್ಯಯಂತ್ರದಲ್ಲಿಟ್ಟು, ಹೆಪ್ಪುಗಟ್ಟಿಸಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿ ಸೀಳುವ ವಿಧಾನವನ್ನು ರೂಢಿಗೆ ತಂದಿದ್ದಾರೆ. ಅಂದು ಗಂಟೆಯ ದನಿಗೆ ಎದ್ದು ಬಂದ ಊರಿನವರು ಮಾಡಿದ್ದನ್ನೇ ಇಂದು ಯಂತ್ರ ಮಾಡುತ್ತಿದೆ. ತತ್ತ್ವ ಬದಲಾಗಿಲ್ಲ.

ಆರ್ಲಿಂಗ್‌ಟನ್ ಸಾಲನ್ನು ನೋಡಲು ಇಂದು ದೇಶದೇಶಗಳಿಂದ ಜನ ಬರುತ್ತಾರೆ. ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಚಿತ್ರದಲ್ಲಿ ಬರುವುದು ಅದರ ರೂಪ. ಆ ರೂಪವನ್ನು ಹೆತ್ತದ್ದು ಒಂದು ಜ್ಞಾನ: ಕಲ್ಲನ್ನು ಹೇಗೆ ಮಲಗಿಸಬೇಕು, ನೀರನ್ನು ಹೇಗೆ ಜಾರಿಸಬೇಕು, ಹಿಮದಿಂದ ಹೇಗೆ ದುಡಿಸಿಕೊಳ್ಳಬೇಕು, ಗಾರೆ ಎಷ್ಟು ಮೆತ್ತಗಿರಬೇಕು ಎಂಬ ಜ್ಞಾನ. ಅದನ್ನು ಕಳೆದುಕೊಂಡು ರೂಪವನ್ನು ಮಾತ್ರ ಉಳಿಸಹೊರಟರೆ ಏನಾಗುತ್ತದೆಂಬುದನ್ನು ಸಿಮೆಂಟು ತುಂಬಿದ ಗೋಡೆಗಳು ಈಗಾಗಲೇ ತೋರಿಸಿಕೊಟ್ಟಿವೆ.

ನಮ್ಮ ಊರುಗಳಲ್ಲಿಯೂ ಹಳೆಯ ಮನೆಗಳಿಗೆ ಕೊರತೆಯಿಲ್ಲ. ಮುಂದಿನ ರಜೆಯಲ್ಲಿ ಅಜ್ಜನ ಮನೆಗೆ ಹೋಗುವ ವಿದ್ಯಾರ್ಥಿಗಳು ಆ ಮನೆಯ ಸೂರಿನ ಕೆಳಗೆ ಒಂದು ಗಳಿಗೆ ನಿಂತು, ಇದು ಹೀಗೇಕಿದೆ ಎಂದು ಕೇಳಿ ನೋಡಲಿ. ಉತ್ತರ ಬಲ್ಲ ಹಿರಿಯರು ಇನ್ನೂ ಇರುವಾಗಲೇ ಕೇಳುವುದು ಒಳ್ಳೆಯದು.